ಚೀಲ ಹೊತ್ತವರ ಹೆಸರು ಉಳಿಯಿತು, ಹೆಣೆದವರ ಹೆಸರು?

ಕನ್ನಡದಲ್ಲಿ ಚೀಲಕ್ಕೆ ಇರುವಷ್ಟು ಹೆಸರುಗಳು ಮನೆಯ ಬೇರೆ ಸಾಮಾನಿಗೆ ಸಿಗುವುದು ಕಡಿಮೆ. ಎಲೆ ಅಡಿಕೆ ಇಡುವುದು ಸಂಚಿ. ರಾಜರ, ದೊಡ್ಡವರ ಎಲೆ ಅಡಿಕೆಯದಾದರೆ ಹಡಪ. ಹೆಗಲಿನ ಎರಡೂ ಬದಿಗೆ ಇಳಿಬಿಟ್ಟು ಊರೂರು ಸುತ್ತುವ ವ್ಯಾಪಾರಿಯದು ಹಸಿಬೆ. ಭಿಕ್ಷೆಗೆ ಹೊರಟವರದು ಜೋಳಿಗೆ. ಕಾಳುಕಡಿ ತುಂಬುವುದು ಗೋಣಿ. ದಾರದಲ್ಲಿ ಬಲೆಯ ಹಾಗೆ ಹೆಣೆದದ್ದು ಜಾಳಿಗೆ. ಕೈಯಲ್ಲಿರುವ ಚೀಲ ನೋಡಿಯೇ ಮನುಷ್ಯ ಯಾರು, ಯಾವ ಕೆಲಸಕ್ಕೆ ಹೊರಟಿದ್ದಾನೆ ಎಂದು ಹೇಳಬಹುದಾಗಿದ್ದ ಕಾಲದ ಮಾತುಗಳಿವು.

ಚೀಲದಿಂದಲೇ ಹೆಸರು ಪಡೆದವರೂ ನಮ್ಮಲ್ಲಿದ್ದಾರೆ. 12ನೇ ಶತಮಾನದ ಶರಣ ಹಡಪದ ಅಪ್ಪಣ್ಣ, ಬಸವಣ್ಣನವರ ಹಡಪ ಹಿಡಿದವರು. 17ನೇ ಶತಮಾನದ ಸಂಚಿ ಹೊನ್ನಮ್ಮ, ಮೈಸೂರಿನ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಕೆಲಸದಲ್ಲಿದ್ದು ಕಾವ್ಯ ಬರೆದವಳು. ಚೀಲ ಹೊತ್ತ ಈ ಇಬ್ಬರ ಹೆಸರು ನಮಗೆ ಗೊತ್ತು. ಆ ಹಡಪವನ್ನೂ ಆ ಸಂಚಿಯನ್ನೂ ಮಾಡಿಕೊಟ್ಟ ಕೈಗಳು ಯಾರವು? ಅದನ್ನು ಯಾರೂ ಬರೆದಿಡಲಿಲ್ಲ.

ಈಗ ಎಲ್ಲ ಚೀಲಕ್ಕೂ ಒಂದೇ ಹೆಸರು. ಒಂದು ಕಡೆ ‘ಕವರ್’, ಇನ್ನೊಂದು ಕಡೆ ‘ಕ್ಯಾರಿಬ್ಯಾಗ್’, ಮಲೆನಾಡಿನ ಕಡೆ ‘ಕೊಟ್ಟೆ’. ಅದನ್ನು ಬಿಟ್ಟು ಬಟ್ಟೆ ಚೀಲ ಹಿಡಿಯಿರಿ, ಹೆಣೆದ ಚೀಲ ಹಿಡಿಯಿರಿ ಎಂದು ಪಂಚಾಯಿತಿಯಿಂದ ಸರ್ಕಾರದವರೆಗೆ ಎಲ್ಲರೂ ಹೇಳುತ್ತಿದ್ದಾರೆ. ಹೇಳಲಿ, ಒಳ್ಳೆಯದೇ. ಆದರೆ ಆ ಚೀಲ ಹೆಣೆಯುವವರು ಯಾರು, ಅವರ ಕೂಲಿ ಎಷ್ಟು ಎಂಬ ಪ್ರಶ್ನೆ ಮಾತ್ರ ಎಲ್ಲೂ ಕೇಳಿಬರುವುದಿಲ್ಲ. ಹಾಗಾಗಿ ನಾವು ಇಲ್ಲಿ ಚೀಲದ ಇತಿಹಾಸವನ್ನು ಹೊರುವವರ ಕಡೆಯಿಂದ ನೋಡದೆ, ಮಾಡುವವರ ಕಡೆಯಿಂದ ನೋಡಲು ಹೊರಟಿದ್ದೇವೆ.

ನೇಯ್ಗೆ ಬೇರೆ, ಹೆಣಿಗೆ ಬೇರೆ

ಬಟ್ಟೆ ನೇಯಲು ಮಗ್ಗ ಬೇಕು. ಹಾಸು ಬೇಕು, ಹೊಕ್ಕು ಬೇಕು, ಮಗ್ಗ ಹೂಡಲು ಮನೆಯಲ್ಲಿ ಜಾಗ ಬೇಕು. ಹೆಣೆಯಲು ದಾರವೂ ಬೆರಳೂ ಇದ್ದರೆ ಸಾಕು, ಹೆಚ್ಚೆಂದರೆ ಒಂದು ಕಡ್ಡಿ. ಅದಕ್ಕೇ ಹೆಣಿಗೆ ಎಲ್ಲಿ ಬೇಕಾದರೂ ನಡೆಯುತ್ತದೆ. ಜಗಲಿಯ ಮೇಲೆ, ದನ ಮೇಯಿಸುವ ಬಯಲಿನಲ್ಲಿ, ದೋಣಿ ಎಳೆದಿಟ್ಟ ಮರಳಿನ ಮೇಲೆ.

ಹೆಣಿಗೆಯಲ್ಲೂ ಮೂರು ನಾಲ್ಕು ಬಗೆಯಿದೆ. ಮೀನಿನ ಬಲೆಯಲ್ಲಿ ಪ್ರತಿ ಕಣ್ಣಿನ ಮೂಲೆಯಲ್ಲೂ ಒಂದು ಗಂಟು ಬೀಳುತ್ತದೆ. ಒಂದು ಎಳೆ ಕಡಿದರೆ ಆ ಕಣ್ಣು ಮಾತ್ರ ಹರಿಯುತ್ತದೆ, ಪಕ್ಕದ ಗಂಟು ಉಳಿದದ್ದನ್ನು ಹಿಡಿದುಕೊಳ್ಳುತ್ತದೆ. ಎರಡು ಕಡ್ಡಿ ಹಿಡಿದು ಸ್ವೆಟರ್ ಹಾಕುವ ಹೆಣಿಗೆಯಲ್ಲಿ ಗಂಟಿಲ್ಲ. ಕುಣಿಕೆಯೊಳಗೆ ಕುಣಿಕೆ ತೂರಿ ಸಾಲು ಬೆಳೆಯುತ್ತದೆ. ಅದರಲ್ಲಿ ಒಂದು ಎಳೆ ತಪ್ಪಿದರೆ ಬಿಚ್ಚುತ್ತಾ ಹೋಗುತ್ತದೆ. ಕೊಕ್ಕೆ ಕಡ್ಡಿಯ ಕ್ರೋಶಾ ಇವೆರಡರ ನಡುವಿನದು. ಕುಣಿಕೆಯೇ ಆದರೂ ಒಂದೊಂದನ್ನೂ ಮುಚ್ಚಿಕೊಂಡು ಮುಂದೆ ಹೋಗುವುದರಿಂದ ಬೇಗ ಬಿಚ್ಚಿಕೊಳ್ಳುವುದಿಲ್ಲ.

ನಮ್ಮ ರೈತರ ಮನೆಯಲ್ಲಿ ಈ ವಿದ್ಯೆ ಹೊಸದಲ್ಲ. ಬೆಕ್ಕಿನ ಬಾಯಿಗೆ ಸಿಗದಂತೆ ಹಾಲು ಮೊಸರಿನ ಗಡಿಗೆಯನ್ನು ತೂಗುಹಾಕುವ ನೆಲುವು ಹೆಣೆದದ್ದೇ. ಒಕ್ಕಲಾಟದಲ್ಲಿ ಎತ್ತು ತೆನೆಗೆ ಬಾಯಿ ಹಾಕದಂತೆ ಕಟ್ಟುವ ಬಾಯಿಕುಕ್ಕೆ ಹೆಣೆದದ್ದೇ. ಹುಲ್ಲು ಹೊರುವ ಹಗ್ಗದ ಕಲ್ಲಿಯೂ ಹೆಣೆದದ್ದೇ. ಇವನ್ನು ಅಂಗಡಿಯಿಂದ ಕೊಂಡು ತರುತ್ತಿರಲಿಲ್ಲ. ಮನೆಯ ಯಾರೋ ಒಬ್ಬರು ಕೂತು ಹೆಣೆಯುತ್ತಿದ್ದರು. ಆ ಕೂತ ಹೊತ್ತಿಗೆ ಬೆಲೆ ಕಟ್ಟುವ ಪ್ರಶ್ನೆಯೇ ಬರುತ್ತಿರಲಿಲ್ಲ.

ಸಾಮಾನು ಒಯ್ಯಲು ಹೆಣೆದ ಚೀಲ ಏಕೆ ಒಳ್ಳೆಯದು ಎಂಬುದಕ್ಕೆ ಉತ್ತರ ಅದರ ಕಣ್ಣುಗಳಲ್ಲೇ ಇದೆ. ನೇಯ್ದ ಬಟ್ಟೆಗೆ ಹೊಲಿದಾಗಿನ ಅಳತೆಯೇ ಕೊನೆಯ ಅಳತೆ. ಬಲೆ ಹಾಗಲ್ಲ. ಖಾಲಿ ಇದ್ದಾಗ ಮುಷ್ಟಿಯೊಳಗೆ ಅಡಗುತ್ತದೆ, ತುಂಬಿದಂತೆಲ್ಲ ಕಣ್ಣು ಹಿಗ್ಗುತ್ತದೆ. ಒಳಗೆ ಗಾಳಿ ಆಡುವುದರಿಂದ ಸೊಪ್ಪು ಬೇಗ ಬಾಡುವುದಿಲ್ಲ, ಈರುಳ್ಳಿ ಕೊಳೆಯುವುದಿಲ್ಲ. ಕಾಳು, ಹಿಟ್ಟು, ಸಕ್ಕರೆಗೆ ಮಾತ್ರ ಇದು ಆಗಿಬರುವುದಿಲ್ಲ. ಅದಕ್ಕೆ ಬೇರೆ ಪೊಟ್ಟಣವೇ ಬೇಕು.

ಚೀಲ ಹೆಣೆಯುವುದೇ ಒಂದು ಸಂಸ್ಕೃತಿಯಾಗಿ ಉಳಿದಿರುವ ದೇಶ ಪಪುವಾ ನ್ಯೂ ಗಿನಿ. ಅಲ್ಲಿನ ಹೆಂಗಸರು ಗಿಡದ ನಾರನ್ನು ತೊಡೆಯ ಮೇಲೆ ಹೊಸೆದು ಹುರಿ ಮಾಡುತ್ತಾರೆ. ಆ ಹುರಿಯಲ್ಲಿ ಗಂಟಿಲ್ಲದೆ ಕುಣಿಕೆಗೆ ಕುಣಿಕೆ ಸೇರಿಸಿ ಹೆಣೆಯುವ ಚೀಲದ ಹೆಸರು ‘ಬಿಲುಮ್’. ಪ್ರತಿ ಕುಣಿಕೆಗೂ ಹುರಿಯನ್ನು ಪೂರ್ತಿ ಎಳೆದುಕೊಳ್ಳಬೇಕು. ಹಾಗಾಗಿ ಉದ್ದನೆಯ ಹುರಿ ಹಿಡಿದು ಕೂರಲಾಗದು. ಹೆಣೆಯುತ್ತಾ ಹೊಸೆಯಬೇಕು, ಹೊಸೆಯುತ್ತಾ ಹೆಣೆಯಬೇಕು. ಗೆಣಸು ತರುವುದೂ ಅದರಲ್ಲೇ, ಹಸುಗೂಸನ್ನು ಮಲಗಿಸಿ ಬೆನ್ನಿಗೆ ಇಳಿಬಿಡುವುದೂ ಅದರಲ್ಲೇ. ಅವರ ಮಾತಿನಲ್ಲಿ ಬಿಲುಮ್ ಎಂದರೆ ಗರ್ಭಕೋಶ ಎಂಬ ಅರ್ಥವೂ ಇದೆ. ಇಂದು ನಾರಿನ ಜಾಗಕ್ಕೆ ಬಣ್ಣದ ಉಲ್ಲನ್ ದಾರ ಬಂದಿದೆ, ಆದರೂ ಕೈ ಬದಲಾಗಿಲ್ಲ. ಆ ದೇಶ 2020ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ ಅದರ ಜಾಗಕ್ಕೆ ಏನು ಎಂದು ಹುಡುಕಬೇಕಾಗಿರಲಿಲ್ಲ. ಅದು ಆಗಲೇ ಹೆಗಲ ಮೇಲಿತ್ತು.

‘ಸಿಕ್ಕರೆ ಸಿಗಲಿ’ ಎಂಬ ಚೀಲ

ಹೆಣೆದ ಕೈಚೀಲ ಪೇಟೆಯ ಜನರ ಜೇಬಿಗೆ ಬಂದ ಕಥೆ ಯುರೋಪಿನದು. ಫ್ರಾನ್ಸಿನಲ್ಲಿ ಅದಕ್ಕೆ ‘ಫಿಲೆ’ ಎನ್ನುತ್ತಾರೆ, ಬಲೆ ಎಂದೇ ಅರ್ಥ. ಚೆಕ್ ನಾಡಿನ ಝ್ಡಾರ್ ನಾದ್ ಸಾಜಾವೌ ಎಂಬ ಸಣ್ಣ ಊರಿನಲ್ಲಿ 1920ರ ದಶಕದಲ್ಲಿ ವಾವ್ರಿನ್ ಕ್ರ್ಚಿಲ್ ಎಂಬ ವ್ಯಾಪಾರಿ ಇಂಥ ಚೀಲಗಳನ್ನು ಹೆಣೆಯಿಸಿ ಮಾರತೊಡಗಿದ. ಅವನ ಮೂಲ ಸರಕು ಹೆಂಗಸರು ತುರುಬಿಗೆ ಹಾಕುವ ಬಲೆ. ಆ ಬಲೆಗೆ ಎರಡು ಹಿಡಿ ಸೇರಿದರೆ ಅದೇ ಚೀಲ.

ಈ ಚೀಲಕ್ಕೆ ಒಂದು ಇಡೀ ದೇಶದ ಬದುಕು ಹೊಂದಿಕೊಂಡದ್ದು ಸೋವಿಯತ್ ಒಕ್ಕೂಟದಲ್ಲಿ. ಅಲ್ಲಿ ಅದರ ಹೆಸರು ‘ಅವೋಸ್ಕಾ’. ರಷ್ಯನ್ ಭಾಷೆಯ ‘ಅವೋಸ್’ ಎಂದರೆ ಸಿಕ್ಕರೂ ಸಿಗಬಹುದು, ಆದರೂ ಆಗಬಹುದು ಎಂಬ ಆಸೆಯ ಮಾತು. 1930ರ ದಶಕದಲ್ಲಿ ಅರ್ಕಾದಿ ರೈಕಿನ್ ಎಂಬ ಹಾಸ್ಯ ಕಲಾವಿದ ವೇದಿಕೆಯ ಮೇಲೆ ಬಲೆ ಚೀಲ ತೋರಿಸಿ, ಇದು ಅವೋಸ್ಕಾ, ಏನಾದರೂ ಸಿಕ್ಕೀತು ಎಂದು ಹಿಡಿದು ಹೊರಟಿದ್ದೇನೆ ಎಂಬಂಥ ಮಾತು ಆಡಿ ನಗಿಸಿದ್ದರಿಂದ ಈ ಹೆಸರು ಜನರ ಬಾಯಿಗೆ ಬಿತ್ತು ಎನ್ನುತ್ತಾರೆ.

ಜನ ನಕ್ಕದ್ದಕ್ಕೆ ಕಾರಣವಿತ್ತು. ಅಂಗಡಿಯಲ್ಲಿ ಇಂಥ ದಿನ ಇಂಥ ಸಾಮಾನು ಇರುತ್ತದೆ ಎಂಬ ಖಾತ್ರಿ ಇರಲಿಲ್ಲ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಎಲ್ಲೋ ಕಿತ್ತಳೆ ಬಂದಿದೆ ಎಂದು ಗೊತ್ತಾದರೆ ಅಲ್ಲೇ ಸಾಲಿಗೆ ನಿಲ್ಲಬೇಕು. ಅದಕ್ಕೆ ಚೀಲ ಯಾವಾಗಲೂ ಜೇಬಿನಲ್ಲೋ ಕೈಪೆಟ್ಟಿಗೆಯಲ್ಲೋ ಇರಲೇಬೇಕು. ಮುಷ್ಟಿಯಷ್ಟಾಗುವ ಬಲೆ ಚೀಲಕ್ಕಿಂತ ಇದಕ್ಕೆ ಅನುಕೂಲವಾದದ್ದು ಮತ್ತೊಂದಿರಲಿಲ್ಲ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಸಾಲು, ಕೊರತೆ, ಕಿತ್ತಳೆ ಹೇಳಿ ನಿಲ್ಲಿಸುತ್ತಾರೆ. ನಮಗೆ ಮುಖ್ಯವಾದದ್ದು ಅದರ ಮುಂದಿನ ಸಾಲು. ಲಕ್ಷಾಂತರ ಮನೆಗಳ ಅವೋಸ್ಕಾಗಳನ್ನು ಹೆಣೆದವರಲ್ಲಿ ಬಹಳ ಮಂದಿ ಕಣ್ಣಿಲ್ಲದವರು. 1925ರಲ್ಲಿ ಸ್ಥಾಪನೆಯಾದ ಅಖಿಲ ರಷ್ಯಾ ಅಂಧರ ಸಂಘದ ಕಾರ್ಯಾಗಾರಗಳಲ್ಲಿ ಈ ಕೆಲಸ ನಡೆಯುತ್ತಿತ್ತು. ಗಂಟು ಹಾಕುವುದು ಬೆರಳಿನ ಕೆಲಸ, ನೋಟದ ಅಗತ್ಯ ಕಡಿಮೆ. ಬಲೆಯ ಕಣ್ಣನ್ನು ಕಣ್ಣಿಲ್ಲದವರು ಹೆಣೆದರು. ಅವರಿಗೆ ಅದು ದಾನವಾಗಿರಲಿಲ್ಲ, ಸಂಬಳದ ನೌಕರಿಯಾಗಿತ್ತು. ಚೀಲ ಕೊಂಡವರು ಸಣ್ಣ ಬೆಲೆ ಕೊಟ್ಟರು. ಹೆಣೆದವರಿಗೆ ಕೆಲಸ ಸಿಗುವ ಹಾಗೆ ವ್ಯವಸ್ಥೆ ಮಾಡಿದ್ದು ಒಂದು ಸಂಸ್ಥೆ, ಅದರ ಹಿಂದೆ ಸರ್ಕಾರ. ಆ ವ್ಯವಸ್ಥೆಯಲ್ಲಿ ಹುಳುಕು ಬೇಕಾದಷ್ಟಿದ್ದವು. ಆದರೂ ಚೀಲಕ್ಕೆ ಒಂದು ಕೈ ಇದೆ, ಆ ಕೈಗೆ ಕೂಲಿ ಬೇಕು ಎಂಬ ಲೆಕ್ಕ ಅಲ್ಲಿತ್ತು.

ಬೆಲೆ ಸೊನ್ನೆಯಾದ ದಿನ

1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಬಳಿಯ ಐಸಿಐ ಕಂಪನಿಯ ಪ್ರಯೋಗಶಾಲೆಯಲ್ಲಿ ಬೇರೇನೋ ಮಾಡಲು ಹೋಗಿ ಪಾತ್ರೆಯ ತಳದಲ್ಲಿ ಮೇಣದಂಥ ಬಿಳಿ ವಸ್ತು ಉಳಿಯಿತು. ಅದೇ ಪಾಲಿಥೀನ್. 1965ರಲ್ಲಿ ಸ್ವೀಡನ್ನಿನ ಸೆಲ್ಲೋಪ್ಲಾಸ್ಟ್ ಕಂಪನಿ ತನ್ನ ಎಂಜಿನಿಯರ್ ಸ್ಟೆನ್ ಗುಸ್ತಾಫ್ ಥುಲಿನ್ ರೂಪಿಸಿದ ಚೀಲಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆಯಿತು. ಕೊಳವೆಯಾಕಾರದ ಪ್ಲಾಸ್ಟಿಕ್ ಹಾಳೆಯನ್ನು ಮಡಿಸಿ, ಬಿಸಿಯಿಂದ ಬೆಸೆದು, ಮೇಲ್ಭಾಗ ಕತ್ತರಿಸಿದರೆ ಎರಡು ಹಿಡಿಯ ಚೀಲ ಸಿದ್ಧ. ಇಂದು ಸಂತೆಯಲ್ಲಿ ತಕ್ಕಡಿಯ ಪಕ್ಕದಲ್ಲಿ ನೇತಾಡುವ ಬನಿಯನ್ ಆಕಾರದ ಕವರ್ ಇದೇ.

ಅದರಲ್ಲಿ ಗಂಟಿಲ್ಲ, ಹೊಲಿಗೆಯಿಲ್ಲ, ಬೆರಳಿನ ಕೆಲಸವೇ ಇಲ್ಲ. ಒಂದು ಚೀಲಕ್ಕೆ ತಗಲುವ ಮನುಷ್ಯನ ಹೊತ್ತು ಲೆಕ್ಕಕ್ಕೆ ಸಿಗದಷ್ಟು ಕಡಿಮೆಯಾಯಿತು. ಬೆಲೆ ಎಷ್ಟು ಇಳಿಯಿತೆಂದರೆ ಅಂಗಡಿಯವನು ಅದನ್ನು ಸುಮ್ಮನೆ ಕೊಡಬಹುದಾಯಿತು. ಚೀಲದ ಇತಿಹಾಸದಲ್ಲಿ ದೊಡ್ಡ ತಿರುವು ಇಲ್ಲಿದೆ ಎಂದು ನಮಗನ್ನಿಸುತ್ತದೆ. ಅಲ್ಲಿಯವರೆಗೆ ಚೀಲ ತರುವುದು ಕೊಳ್ಳುವವರ ಹೊಣೆಯಾಗಿತ್ತು. ಅಲ್ಲಿಂದ ಮುಂದೆ ಕೊಡುವುದು ಅಂಗಡಿಯ ಹೊಣೆಯಾಯಿತು. ಎಸೆದ ಮೇಲೆ ಅದು ಯಾರ ಹೊಣೆಯೂ ಅಲ್ಲದೆ ಹೋಯಿತು.

ಥುಲಿನ್ ಮಗ ಮುಂದೆ ಹೇಳಿಕೊಂಡಂತೆ, ತಂದೆ ತನ್ನ ಜೇಬಿನಲ್ಲಿ ಯಾವಾಗಲೂ ಒಂದು ಪ್ಲಾಸ್ಟಿಕ್ ಚೀಲ ಮಡಿಸಿಟ್ಟುಕೊಂಡೇ ಹೊರಗೆ ಹೋಗುತ್ತಿದ್ದರು. ಕಾಗದದ ಚೀಲಕ್ಕಾಗಿ ಮರ ಕಡಿಯುವ ಬದಲು ಮತ್ತೆ ಮತ್ತೆ ಬಳಸಬಹುದಾದ ಗಟ್ಟಿ ಚೀಲ ಇದು ಎಂಬುದು ಅವರ ಎಣಿಕೆಯಾಗಿತ್ತು. ಸೋವಿಯತ್ ಮನೆಗಳಲ್ಲೂ ಪ್ಲಾಸ್ಟಿಕ್ ಚೀಲ ಮೊದಲು ಬಂದಾಗ ಅದನ್ನು ತೊಳೆದು ಒಣಗಿಸಿ ಮತ್ತೆ ಬಳಸುತ್ತಿದ್ದರು. ನಮ್ಮಲ್ಲೂ ಹಾಲಿನ ಕವರ್ ತೊಳೆದು ಗೋಡೆಗೆ ಅಂಟಿಸಿ ಒಣಗಿಸಿ ಗುಜರಿಗೆ ಹಾಕುವ ಅಮ್ಮಂದಿರು ಈಗಲೂ ಇದ್ದಾರೆ. ಹಾಗೆ ನೋಡಿದರೆ ‘ಬಳಸಿ ಎಸೆಯುವುದು’ ಪ್ಲಾಸ್ಟಿಕ್ಕಿನ ಹುಟ್ಟುಗುಣವಲ್ಲ. ಬೆಲೆ ಸೊನ್ನೆಯಾದದ್ದರಿಂದ ಅಂಟಿಕೊಂಡ ಗುಣ.

ಪೊಟ್ಟಣದ ದಾರ, ವಯರ್ ಬ್ಯಾಗ್

ನಮ್ಮ ಕಡೆಗೆ ಬರೋಣ. ಇಲ್ಲಿ ಯಂತ್ರ ಕೈಯ ಕೆಲಸ ಕಸಿದ ಕಥೆ ಪ್ಲಾಸ್ಟಿಕ್ಕಿಗಿಂತ ಹಳೆಯದು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಬೆಂಗಳೂರಿನ ಸುತ್ತ ಸೆಣಬು ಬೆಳೆದು ಅದರ ನಾರಿನಿಂದ ಗೋಣಿ ನೇಯುವವರ ಬಗ್ಗೆ ಬರೆದಿದ್ದಾನೆ. ಇಂಗ್ಲಿಷಿನ ‘ಗನ್ನಿ’ ಎಂಬ ಮಾತು ಹುಟ್ಟಿದ್ದೂ ಈ ದೇಶದ ಗೋಣಿಯಿಂದಲೇ. 1855ರಲ್ಲಿ ಕಲ್ಕತ್ತೆಯ ಬಳಿಯ ರಿಶ್ರಾದಲ್ಲಿ ದೇಶದ ಮೊದಲ ಸೆಣಬಿನ ಗಿರಣಿ ಶುರುವಾಯಿತು. ಅಲ್ಲಿಯದು ಬಂಗಾಳದ ಸೆಣಬು, ಉಗಿಯಂತ್ರದ ವೇಗ. ಗಿರಣಿಯ ಅಗ್ಗದ ಚೀಲದ ಎದುರು ಕೈಯಲ್ಲಿ ನೇಯ್ದ ಗೋಣಿ ನಿಲ್ಲಲಿಲ್ಲ. ಹೆಸರು ಉಳಿಯಿತು, ನೇಯುವ ಕೈ ಹೋಯಿತು. ಮುಂದೆ ಪ್ಲಾಸ್ಟಿಕ್ ಚೀಲ ಗಿರಣಿಗಳನ್ನೇ ನುಂಗತೊಡಗಿದಾಗ ಅವುಗಳನ್ನು ಉಳಿಸಲು 1987ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯ್ದೆ ತಂದಿತು. ಆಹಾರಧಾನ್ಯ, ಸಕ್ಕರೆ ಮುಂತಾದವನ್ನು ನಿಗದಿತ ಪ್ರಮಾಣದಲ್ಲಿ ಸೆಣಬಿನ ಚೀಲದಲ್ಲೇ ತುಂಬಬೇಕು ಎಂಬುದು ಅದರ ಸಾರ. ಗಿರಣಿಯ ಚೀಲಕ್ಕೆ ಕಾಯ್ದೆಯ ಆಸರೆ ಸಿಕ್ಕಿತು. ಕೈಚೀಲಕ್ಕೆ ಅಂಥ ಆಸರೆ ಯಾವತ್ತೂ ಸಿಗಲಿಲ್ಲ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು.

ಕವರ್ ಬರುವ ಮೊದಲು ಊರಿನ ಅಂಗಡಿಯಲ್ಲಿ ಸಾಮಾನು ಹೇಗೆ ಬರುತ್ತಿತ್ತು ಎಂದು ಐವತ್ತು ದಾಟಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಬೇಳೆ, ಸಕ್ಕರೆ ಹಳೆಯ ಪೇಪರಿನ ಪೊಟ್ಟಣದಲ್ಲಿ. ಎಣ್ಣೆಗೆ ಮನೆಯಿಂದ ಬಾಟಲಿ. ಮಾಂಸಕ್ಕೆ ಮುತ್ತುಗದ್ದೋ ತೇಗದ್ದೋ ಎಲೆ. ಎಲ್ಲವೂ ಸೇರಿ ಮನೆಯ ಬಟ್ಟೆ ಚೀಲದೊಳಗೆ. ಪೊಟ್ಟಣ ಬಿಚ್ಚಿದ ದಾರವನ್ನು ಯಾರೂ ಎಸೆಯುತ್ತಿರಲಿಲ್ಲ. ಗಂಟು ಹಾಕಿ ಉಂಡೆ ಸುತ್ತಿ ಗೂಡಿನಲ್ಲಿ ಇಡುತ್ತಿದ್ದರು. ಅದು ಹೂ ಕಟ್ಟಲು, ಬಳ್ಳಿ ಹಬ್ಬಿಸಲು, ಹರಿದ ಚೀಲ ಹೊಲಿಯಲು ಆಗುತ್ತಿತ್ತು.

ಆಮೇಲೆ ಬಂದದ್ದು ವಯರ್ ಬ್ಯಾಗ್. ಪೇಟೆಯ ಫ್ಯಾನ್ಸಿ ಸ್ಟೋರಿನಲ್ಲಿ ಬಣ್ಣಬಣ್ಣದ ಪ್ಲಾಸ್ಟಿಕ್ ವಯರಿನ ಸುರುಳಿ ಸಿಗುತ್ತದೆ. ಅಳತೆಗೆ ತಕ್ಕಂತೆ ಎರಡೋ ಮೂರೋ ಸುರುಳಿ ತಂದು, ಉದ್ದಕ್ಕೆ ಕತ್ತರಿಸಿ, ಮೊದಲು ತಳ ಹಾಕಿ, ಆಮೇಲೆ ಸುತ್ತಲೂ ಗಂಟಿನ ಮೇಲೆ ಗಂಟು ಏರಿಸುತ್ತಾರೆ. ಕೊನೆಗೆ ಉಳಿದ ತುದಿಗಳನ್ನು ಹಿಂದಕ್ಕೆ ಒಳಗೆ ತೂರಿ ಬಿಗಿ ಮಾಡಿ, ಹಿಡಿ ಸುತ್ತುತ್ತಾರೆ. ಬೆರಳ ತುದಿ ಕೆಂಪಾಗುತ್ತದೆ. ಆದರೆ ಚೀಲ ಮುಗಿದ ಮೇಲೆ ಎರಡು ಕೈ ತರಕಾರಿ ಹೊತ್ತು, ಬಸ್ಸಿನ ಸೀಟಿನಡಿ ನೂಕಿಸಿಕೊಂಡು, ಮಳೆಯಲ್ಲಿ ನೆನೆದು ಹತ್ತಾರು ವರ್ಷ ಬಾಳುತ್ತದೆ. ಮದುವೆಗೆ ಹೋಗುವ ಹೆಂಗಸರ ಕೈಯಲ್ಲಿ, ಆಸ್ಪತ್ರೆಯ ಊಟದ ಕ್ಯಾರಿಯರ್ ಜೊತೆ, ಶಾಲೆಯ ಮೇಷ್ಟ್ರ ಸೈಕಲ್ ಹ್ಯಾಂಡಲಿನಲ್ಲಿ ಈ ಚೀಲ ಇಲ್ಲದ ಊರಿರಲಿಲ್ಲ.

ಈ ವಿದ್ಯೆಗೆ ಶಾಲೆ ಇರಲಿಲ್ಲ. ಪಕ್ಕದ ಮನೆಯ ಅಕ್ಕ, ತವರಿಗೆ ಬಂದ ಅತ್ತಿಗೆ, ಹೆರಿಗೆಗೆಂದು ಬಂದು ಬೇಸರ ಕಳೆಯಲು ಕೂತ ಮಗಳು ಹೀಗೆ ಒಬ್ಬರಿಂದ ಒಬ್ಬರಿಗೆ ಹಬ್ಬಿತು. ‘ಬಿಡುವಿನಲ್ಲಿ ಹೆಣೆದದ್ದು’ ಎಂಬ ಮಾತು ಪ್ರತಿ ಚೀಲದ ಜೊತೆಗೂ ಬರುತ್ತಿತ್ತು. ವಯರಿನ ಬೆಲೆಯ ಮೇಲೆ ಹತ್ತೋ ಇಪ್ಪತ್ತೋ ಸೇರಿಸಿ ಕೊಟ್ಟರೆ ಹೆಚ್ಚು. ನೆಂಟರಾದರೆ ಅದೂ ಇಲ್ಲ, ‘ನಂಗೊಂದು ಹಾಕಿಕೊಡೇ’ ಅಷ್ಟೇ. ಬಿಡುವು ಎಂದು ಹೆಸರಿಟ್ಟ ಮೇಲೆ ಅದಕ್ಕೆ ಕೂಲಿ ಕೇಳುವ ಹಾಗಿಲ್ಲ.

ವಯರ್ ಬ್ಯಾಗೂ ಪ್ಲಾಸ್ಟಿಕ್ಕೇ ತಾನೆ ಎಂದು ಕೇಳಬಹುದು. ಹೌದು. ಆದರೆ ಹತ್ತು ವರ್ಷ ಕೈಯಲ್ಲಿರುವ ಪ್ಲಾಸ್ಟಿಕ್ಕಿಗೂ ಹತ್ತು ನಿಮಿಷ ಇರುವ ಪ್ಲಾಸ್ಟಿಕ್ಕಿಗೂ ಇರುವ ಅಂತರ, ಅದರಲ್ಲಿ ಹೊಕ್ಕಿರುವ ಬೆರಳಿನ ಕೆಲಸ. ಕಷ್ಟಪಟ್ಟು ಹೆಣೆದದ್ದನ್ನು ಯಾರೂ ಚರಂಡಿಗೆ ಎಸೆಯುವುದಿಲ್ಲ.

ಮೈಕ್ರಾನಿನ ಕಾನೂನು

ಚರಂಡಿ ಕಟ್ಟಿದ ಮೇಲೆಯೇ ಎಲ್ಲ ಕಡೆ ಕಾನೂನು ಬಂದದ್ದು. 1988 ಮತ್ತು 1998ರ ದೊಡ್ಡ ಪ್ರವಾಹಗಳಲ್ಲಿ ಚರಂಡಿಗಳಿಗೆ ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡು ನೀರು ಇಳಿಯದಾದದ್ದನ್ನು ಕಂಡ ಬಾಂಗ್ಲಾದೇಶ 2002ರಲ್ಲಿ ತೆಳು ಪಾಲಿಥೀನ್ ಚೀಲ ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದು. ಅದೇ ವರ್ಷ ಐರ್ಲೆಂಡ್ ಬೇರೆ ದಾರಿ ಹಿಡಿಯಿತು. ನಿಷೇಧಿಸಲಿಲ್ಲ, ಒಂದು ಚೀಲಕ್ಕೆ 15 ಸೆಂಟ್ ತೆರಿಗೆ ಹಾಕಿ ಅದನ್ನು ಗಿರಾಕಿಯೇ ಕೊಡಬೇಕೆಂದಿತು. ಬಳಕೆ ಸುಮಾರು ಶೇ. 90ರಷ್ಟು ಇಳಿಯಿತು. ಸೊನ್ನೆಯಾಗಿದ್ದ ಬೆಲೆ ಮತ್ತೆ ಕಣ್ಣಿಗೆ ಕಂಡದ್ದೇ ತಡ, ಜನ ಮನೆಯಿಂದ ಚೀಲ ತಂದರು.

ಭಾರತದಲ್ಲಿ ಕಾನೂನು ಚೀಲದ ದಪ್ಪ ಅಳೆಯುತ್ತಾ ಬಂತು. 1999ರ ನಿಯಮದಲ್ಲಿ ಕನಿಷ್ಠ 20 ಮೈಕ್ರಾನ್. 2011ರಲ್ಲಿ 40. 2016ರಲ್ಲಿ 50. 2021ರ ಸೆಪ್ಟೆಂಬರ್ 30ರಿಂದ 75, 2022ರ ಡಿಸೆಂಬರ್ 31ರಿಂದ 120. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಸೊಪ್ಪಿನ ರಾಶಿಯ ಮುಂದೆ ಕೂತ ಅಜ್ಜಿ ಅದನ್ನು ಅಳೆಯುವುದು ಹೇಗೆ? ಕರ್ನಾಟಕ ಈ ಅಳತೆಯ ಗೊಡವೆಗೇ ಹೋಗಲಿಲ್ಲ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ದಪ್ಪ ಎಷ್ಟೇ ಇರಲಿ, ಪ್ಲಾಸ್ಟಿಕ್ ಕೈಚೀಲದ ತಯಾರಿಕೆ, ಮಾರಾಟ, ಬಳಕೆ ಎಲ್ಲವನ್ನೂ ನಿಷೇಧಿಸಿತು. ಫ್ಲೆಕ್ಸ್, ಬಂಟಿಂಗ್ಸ್, ತಟ್ಟೆ, ಲೋಟಗಳೂ ಆ ಪಟ್ಟಿಯಲ್ಲಿದ್ದವು.

ಮುಂದಿನದು ಜಿಲ್ಲೆಯಲ್ಲಿ ಓಡಾಡುವ ನಮ್ಮ ಕಣ್ಣಿಗೆ ಬಿದ್ದದ್ದು. ದಾಳಿ ನಡೆದ ವಾರ ಕವರ್ ಗಲ್ಲಾಪೆಟ್ಟಿಗೆಯ ಕೆಳಗೆ ಹೋಗುತ್ತದೆ, ಮುಂದಿನ ವಾರ ಮತ್ತೆ ತಕ್ಕಡಿಯ ಪಕ್ಕಕ್ಕೆ ಬರುತ್ತದೆ. ದಂಡ ಬೀಳುವುದು ಹತ್ತು ಕಟ್ಟು ಕೊತ್ತಂಬರಿ ಮಾರುವವರಿಗೆ. ಇದರ ನಡುವೆ ಬಟ್ಟೆಯ ವೇಷ ಹಾಕಿಕೊಂಡು ಇನ್ನೊಂದು ಚೀಲ ಬಂತು. ಬಟ್ಟೆ ಅಂಗಡಿ, ಬೇಕರಿ, ಮದುವೆ ತಾಂಬೂಲದಲ್ಲಿ ಕೊಡುವ ಬಣ್ಣದ, ಮೆದು ಚೀಲ. ಅದಕ್ಕೆ ‘ನಾನ್ ವೋವನ್’ ಎನ್ನುತ್ತಾರೆ, ನೇಯದೇ ಇದ್ದದ್ದು ಎಂದು ಅರ್ಥ. ಅದು ಹತ್ತಿಯಲ್ಲ, ಪಾಲಿಪ್ರೊಪಿಲಿನ್ ಎಂಬ ಪ್ಲಾಸ್ಟಿಕ್ ಎಳೆಗಳನ್ನು ಬಿಸಿಯಲ್ಲಿ ಒತ್ತಿ ಹಾಳೆ ಮಾಡಿದ್ದು. ಕಾನೂನಿನಲ್ಲೂ ಅದು ಪ್ಲಾಸ್ಟಿಕ್ಕೇ. ಚದರ ಮೀಟರಿಗೆ 60 ಗ್ರಾಮಿಗಿಂತ ಹಗುರ ಇರಬಾರದೆಂದು 2021ರ ನಿಯಮ ಹೇಳುತ್ತದೆ. ಬೆಂಕಿ ತಾಗಿಸಿದರೆ ಹತ್ತಿಯ ಹಾಗೆ ಬೂದಿಯಾಗದೆ ಕರಗಿ ಮುದ್ದೆಯಾಗುತ್ತದೆ. ಬಿಸಿಲಿಗೆ ಕೆಲವು ತಿಂಗಳು ಬಿದ್ದರೆ ಪುಡಿಪುಡಿಯಾಗಿ ಉದುರುತ್ತದೆ. ನೇಯ್ದವರೂ ಇಲ್ಲ, ಹೆಣೆದವರೂ ಇಲ್ಲ, ಹೆಸರು ಮಾತ್ರ ಬಟ್ಟೆ ಚೀಲ.

ಐವತ್ತೆರಡು ಸಂತೆ

ಹತ್ತಿಯ ಚೀಲ ಹಿಡಿದ ಕೂಡಲೇ ಪಾಪ ಪರಿಹಾರವಾಯಿತು ಎನ್ನುವ ಹಾಗೂ ಇಲ್ಲ. ಹತ್ತಿ ಬೆಳೆಯಲು ನೀರು, ಗೊಬ್ಬರ, ಔಷಧಿ ಬೇಕು ಎಂದು ಹತ್ತಿ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ. ಡೆನ್ಮಾರ್ಕಿನ ಪರಿಸರ ಸಂಸ್ಥೆ 2018ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಮೇಲಿನ ಪರಿಣಾಮ ಒಂದನ್ನೇ ಲೆಕ್ಕ ಹಿಡಿದರೂ ಹೊಸ ಹತ್ತಿ ಚೀಲವೊಂದು ಪ್ಲಾಸ್ಟಿಕ್ ಚೀಲಕ್ಕೆ ಸಮವಾಗಲು ಕನಿಷ್ಠ 52 ಸಲ ಬಳಕೆಯಾಗಬೇಕು. ಪರಿಶೀಲಿಸಿದ ಎಲ್ಲ ಬಗೆಯ ಪರಿಣಾಮಗಳಲ್ಲೂ ಸಮವಾಗಬೇಕಾದರೆ 7,100 ಸಲ. ದಿನಕ್ಕೊಮ್ಮೆ ಬಳಸಿದರೆ ಹತ್ತೊಂಬತ್ತು ವರ್ಷ ಮೀರುತ್ತದೆ. ಈ ಲೆಕ್ಕದಲ್ಲಿ ಚರಂಡಿಗೆ, ಹೊಲಕ್ಕೆ, ದನದ ಹೊಟ್ಟೆಗೆ ಹೋಗುವ ಪ್ಲಾಸ್ಟಿಕ್ ಸೇರಿಲ್ಲ, ಹಾಗಾಗಿ ಅದನ್ನೇ ಕೊನೆಯ ಮಾತೆಂದು ಹಿಡಿಯಬೇಕಿಲ್ಲ. ಆದರೂ 52 ಎಂಬ ಸಂಖ್ಯೆ ನಮಗೆ ಹಿಡಿಸಿತು. ವಾರದ ಸಂತೆಗೆ ಒಂದು ವರ್ಷ. ಸಭೆ ಸಮಾರಂಭದಲ್ಲಿ ಹಂಚಿದ ಹೊಸ ಚೀಲ ಒಂದು ವರ್ಷ ಸಂತೆಗೆ ಹೋಗದೆ ಮೂಲೆ ಸೇರಿದರೆ ಆ ಜಾಗೃತಿಯಿಂದ ಆದ ಲಾಭ ಏನೂ ಇಲ್ಲ.

ಹೊಸ ಹತ್ತಿಯೇ ಬೇಡವೆಂದರೆ ಮನೆಯಲ್ಲಿರುವ ಹಳೆಯದೇ ಸಾಕು. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಕೌದಿ ಹೊಲಿಯುವ ಉತ್ತರ ಕರ್ನಾಟಕಕ್ಕೆ ಇದು ಹೊಸ ಪಾಠವಲ್ಲ. ಸವೆದ ಕಾಟನ್ ಸೀರೆಯನ್ನು ಬೆರಳಗಲದ ಉದ್ದನೆಯ ಪಟ್ಟಿಯಾಗಿ ಹರಿದು ಉಂಡೆ ಸುತ್ತಿಕೊಳ್ಳಬೇಕು. ದಪ್ಪ ಕ್ರೋಶಾ ಕಡ್ಡಿಯಲ್ಲಿ ತಳವನ್ನು ದುಂಡಗೆ, ಬಿಗಿಯಾಗಿ ಹಾಕಬೇಕು. ಮೇಲೆ ಬಂದಂತೆ ಕುಣಿಕೆ ಉದ್ದ ಮಾಡಿದರೆ ಬಲೆಯ ಕಣ್ಣು ಬೀಳುತ್ತದೆ. ಬಾಯಿಯ ಹತ್ತಿರ ಮತ್ತೆ ಬಿಗಿ ಮಾಡಿ ಹಿಡಿ ಹೆಣೆದರೆ ಮುಗಿಯಿತು. ಹಿಡಿ ಅಗಲವಿರಲಿ, ಇಲ್ಲದಿದ್ದರೆ ನಾಲ್ಕು ಕೆಜಿ ಈರುಳ್ಳಿ ಬೆರಳನ್ನು ಕೊಯ್ಯುತ್ತದೆ.

ಬಟ್ಟೆ ಖರ್ಚಿಲ್ಲ ಸರಿ, ಹೊತ್ತಿನ ಖರ್ಚು? ಅಂಥ ಒಂದು ಚೀಲಕ್ಕೆ ಒಂದು ಪೂರ್ತಿ ದಿನ ಹಿಡಿಯಿತು ಎಂದುಕೊಳ್ಳೋಣ. ಉದ್ಯೋಗ ಖಾತ್ರಿಯಲ್ಲಿ ಕರ್ನಾಟಕದ ದಿನಗೂಲಿ 2024-25ರಲ್ಲಿ 349 ರೂಪಾಯಿ. ಕೆರೆಯ ಹೂಳೆತ್ತುವ ಕೈಗೆ ಸರ್ಕಾರ ಕಟ್ಟಿದ ಬೆಲೆ ಅದು. ಚೀಲ ಹೆಣೆಯುವ ಕೈಗೂ ಅದೇ ಬೆಲೆ ಕಟ್ಟಿದರೆ ಕೂಲಿಯೇ 349 ಆಯಿತು. ಸಂತೆಯಲ್ಲಿ ಅಂಥ ಚೀಲಕ್ಕೆ ನೂರು ರೂಪಾಯಿ ಹೇಳಿದರೆ ಜನ ‘ಅಬ್ಬಾ’ ಎನ್ನುತ್ತಾರೆ. ಉಳಿದ 249 ರೂಪಾಯಿ ಯಾರು ಕೊಟ್ಟರು? ಹೆಣೆದವಳೇ ಕೊಟ್ಟಳು, ತನ್ನ ಹೊತ್ತಿನಿಂದ. ಸಾಲಿಗಿಷ್ಟು, ಫೋಟೊಗಿಷ್ಟು ಎಂದು ಸಂಭಾವನೆ ಎಣಿಸುವ ನಮ್ಮಂಥ ಅರೆಕಾಲಿಕ ವರದಿಗಾರರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ.

ಸ್ತ್ರೀಶಕ್ತಿ ಸಂಘ, ಸ್ವಸಹಾಯ ಸಂಘಗಳ ಹೆಂಗಸರಿಗೆ ಚೀಲ ಹೊಲಿಯುವ, ಹೆಣೆಯುವ ತರಬೇತಿ ಕೊಟ್ಟ ಸುದ್ದಿಗಳು ನಮ್ಮ ಪುಟಗಳಲ್ಲಿ ತಪ್ಪದೆ ಬರುತ್ತವೆ. ದೀಪ ಬೆಳಗುವ ಫೋಟೊ ಇರುತ್ತದೆ, ಪ್ರಮಾಣಪತ್ರ ಹಂಚುವ ಫೋಟೊ ಇರುತ್ತದೆ. ಆರು ತಿಂಗಳ ಮೇಲೆ ಅದೇ ಮಹಿಳೆಯರನ್ನು ಕೇಳಿದರೆ ಉತ್ತರ ಒಂದೇ: ‘ಕಲಿತಿದ್ದೀವಿ ಸಾರ್, ತಗೊಳ್ಳೋರು ಬೇಕಲ್ಲ’. ಕಲಿಸುವುದಕ್ಕೆ ಅನುದಾನವಿದೆ, ಕೊಳ್ಳುವುದಕ್ಕೆ ಇಲ್ಲ.

ಇತಿಹಾಸ ಇಲ್ಲಿ ಕೆಲಸಕ್ಕೆ ಬರುತ್ತದೆ. ಗಿರಣಿಯ ಗೋಣಿ ಉಳಿದದ್ದು ಗೋಣಿಯ ಮೇಲಿನ ಪ್ರೀತಿಯಿಂದಲ್ಲ, 1987ರ ಕಾಯ್ದೆ ಅದಕ್ಕೆ ಕೊಳ್ಳುವವರನ್ನು ಹೊಂದಿಸಿಕೊಟ್ಟದ್ದರಿಂದ. ಅವೋಸ್ಕಾ ಮನೆಮನೆ ತಲುಪಿದ್ದು ಹೆಣೆಯುವವರಿಗೆ ಸಂಬಳ ಇದ್ದದ್ದರಿಂದ. ಐರ್ಲೆಂಡಿನಲ್ಲಿ ಕವರ್ ಇಳಿದದ್ದು ಅದಕ್ಕೆ ಬೆಲೆ ಬಂದದ್ದರಿಂದ. ಮೂರರಲ್ಲೂ ದುಡ್ಡು ಯಾರ ಕೈಯಿಂದ ಯಾರ ಕೈಗೆ ಎಂಬುದು ಸ್ಪಷ್ಟವಿತ್ತು. ನಮ್ಮ ನಿಷೇಧದಲ್ಲಿ ದಂಡ ಯಾರಿಗೆ ಎಂದು ಬರೆದಿದೆ, ಕೂಲಿ ಯಾರಿಗೆ ಎಂದು ಬರೆದಿಲ್ಲ.

ದೊಡ್ಡ ಯೋಜನೆಯೇ ಬೇಕೆಂದಿಲ್ಲ. ವಾರದ ಸಂತೆಯ ಸುಂಕ ವಸೂಲಿಯನ್ನು ಗ್ರಾಮ ಪಂಚಾಯಿತಿಗಳು ಹರಾಜು ಹಾಕುತ್ತವೆ, ಅದರಿಂದ ವರ್ಷಕ್ಕೊಮ್ಮೆ ಹಣ ಬರುತ್ತದೆ. ಅದರಲ್ಲಿ ಒಂದು ಪಾಲು ತೆಗೆದು ಊರಿನ ಸಂಘದಿಂದಲೇ, ದಿನಗೂಲಿಗೆ ಕಡಿಮೆಯಾಗದ ಬೆಲೆಗೆ ಚೀಲ ಕೊಳ್ಳಬಹುದು. ಸಂತೆಯ ಬಾಗಿಲಲ್ಲಿ ಠೇವಣಿ ಇಟ್ಟು ಚೀಲ ಒಯ್ಯಲಿ, ವಾಪಸು ತಂದಾಗ ಠೇವಣಿ ಹಿಂದೆ ಪಡೆಯಲಿ. ಹರಿದದ್ದನ್ನು ಸಂಘದವರೇ ಕಾಸು ಪಡೆದು ಸರಿ ಮಾಡಲಿ. ಗ್ರಾಮಸಭೆಯಲ್ಲಿ ಇದನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಮುಂದಿನ ಸಭೆಯಲ್ಲಿ ಚೀಲದ ಮಾತು ಬಂದರೆ, ‘ಪ್ಲಾಸ್ಟಿಕ್ ಬಿಡಿ’ ಎಂದು ಹೇಳಿದವರನ್ನು ಇಷ್ಟು ಕೇಳಿ: ಬಿಟ್ಟೆವು ಸ್ವಾಮಿ, ಹೆಣೆಯುವವಳಿಗೆ ದಿನಕ್ಕೆ ಎಷ್ಟು ಕೊಡುತ್ತೀರಿ?